ಹಳ್ಳದಾಚೆಯ ಗರಸು

ಹುನಗುಂದದಲ್ಲಿ ವಕೀಲ ಪಂಢರೀನಾಥರು ಮನೆ ಕಟ್ಟಿಸಲು ಹೊರಟಾಗ ಊರವರಿಗೆ ಮನೆಗಿಂತ ಅದರ ಕೆಳಗಿನ ತೆಗ್ಗಿನದೇ ಸೋಜಿಗ. ಆಳುದ್ದ ಹಗೇವು ತೋಡಿ ಜೋಳ ಇಡುವುದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಮನುಷ್ಯರು ಮೆಟ್ಟಿಲಿಳಿದು ಹೋಗಿ ಕೂಡ್ರುವಂಥ ಕೋಣೆಯನ್ನು ನೆಲದೊಳಗೆ ಕಟ್ಟುವುದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಪಂಢರೀನಾಥರು ವಕೀಲಿ ಓದಲು ಪುಣೆಯಲ್ಲಿದ್ದಾಗ ಒಂದು ಬೇಸಗೆಯನ್ನು ಯಾವುದೋ ಹಳೇ ವಾಡೆಯ ತಳಘರದಲ್ಲಿ ಕಳೆದಿದ್ದರು. ಹೊರಗೆ ಕಾಗೆ ಬಾಯಿ ಬಿಡುವ ಬಿಸಿಲು, ಒಳಗೆ ಮಣ್ಣಿನ ಗಡಿಗೆಯ ನೀರಿನಂಥ ತಂಪು. ಆಗಿನಿಂದ ಮನಸ್ಸಿನಲ್ಲಿ ಕೂತ ಆಸೆ ಇಪ್ಪತ್ತು ವರ್ಷ ಕಾದು, ಐವತ್ತೈದನೇ ಇಸವಿಯ ಯುಗಾದಿಯ ಮರುದಿನ ಗುದ್ದಲಿಪೂಜೆ ಕಂಡಿತು.

ಅವರ ಹೆಂಡತಿ ಕುಮುದಿನಿಗೆ ತಳಘರದ ಹುಚ್ಚೇನೂ ಇರಲಿಲ್ಲ. ಆದರೆ ಬಾಡಿಗೆ ಮನೆಯಲ್ಲಿ ಹದಿನೈದು ವರ್ಷ ಕಳೆದ ಮೇಲೆ ತನ್ನದೊಂದು ಒಲೆಯ ಕಟ್ಟೆ ಬೇಕೆಂದು ಯಾವ ಹೆಂಗಸಿಗೆ ಅನ್ನಿಸುವುದಿಲ್ಲ? ಗಂಡುಮಕ್ಕಳಿಬ್ಬರನ್ನೂ ಸೂಟಿಗೆಂದು ಬಾಗಲಕೋಟೆಯ ತವರಿಗೆ ಕಳಿಸಿ, ದಿನಾ ಮಧ್ಯಾಹ್ನದ ಹೊತ್ತಿಗೆ ಆಳುಗಳಿಗೆ ಒಂದು ಕೊಡ ಮಜ್ಜಿಗೆ ಹೊರಿಸಿಕೊಂಡು ಬರುತ್ತಿದ್ದಳು. ತೆಗ್ಗಿನ ದಂಡೆಯಲ್ಲಿ ಬೇವಿನ ನೆರಳು ಹಿಡಿದು ನಿಂತು, ಎಲ್ಲಿ ದೇವರ ಕೋಣೆ, ಎಲ್ಲಿ ಬಚ್ಚಲು ಎಂದು ಕಣ್ಣಲ್ಲೇ ಗೆರೆ ಎಳೆಯುತ್ತಿದ್ದಳು.

ತೋಡುವ ಕೆಲಸ ಹಿಡಿದವನು ದುರಗಪ್ಪ. ಬಾದಾಮಿ ಕಡೆಯವನು, ಹೆಂಡತಿ ಸಕ್ರವ್ವ ಮತ್ತು ಹತ್ತು ಮಂದಿಯನ್ನು ಕಟ್ಟಿಕೊಂಡು ಬಂದು ಬಯಲಲ್ಲೇ ಗುಡಿಸಲು ಹಾಕಿದ್ದ. ಆರು ಮೊಳ ಕರಿಯ ಎರಿಮಣ್ಣು, ಅದರ ಕೆಳಗೆ ಹಳದಿ ಹಂಟಿಮಣ್ಣು, ಆಮೇಲೆ ಗಟ್ಟಿ ನೆಲ. ತಿಂಗಳೊಳಗೆ ತೆಗ್ಗು ಸಿದ್ಧವಾಯಿತು. ಇಳಕಲ್ಲಿನ ಕೆಂಪು ಕಲ್ಲು ಬಂತು, ಗೌಂಡಿಗಳು ಸುಣ್ಣದ ಗಚ್ಚಿನಲ್ಲಿ ನಾಲ್ಕೂ ಗೋಡೆ ಎಬ್ಬಿಸಿದರು. ಗೋಡೆಗೂ ಕಡಿದ ನೆಲಕ್ಕೂ ನಡುವೆ ಸುತ್ತಲೂ ಒಂದು ಮಾರು ಅಗಲದ ಸಂದು ಉಳಿಯಿತು. ಇನ್ನು ಅದನ್ನು ತುಂಬಬೇಕು.

"ತಗದ ಮಣ್ಣು ಇಲ್ಲೇ ಗುಡ್ಡಾ ಬಿದ್ದದಲ್ಲೋ, ಅದನ್ನ ತಳ್ಳು," ಎಂದರು ವಕೀಲರು.

ದುರಗಪ್ಪ ತಲೆ ಅಲ್ಲಾಡಿಸಿದ. "ಅದು ಆಗಾಂಗಿಲ್ರಿ ಸಾಹೇಬ್ರ. ಎರಿಮಣ್ಣಿನ ಗುಣ ನಿಮಗ ಗೊತ್ತಿಲ್ಲೇನು? ಬ್ಯಾಸಿಗ್ಯಾಗ ಬಿರಿತೈತಿ, ಮಳಿಗಾಲದಾಗ ನೀರು ಕುಡದು ಉಬ್ಬತೈತಿ. ಉಬ್ಬಿತಂದ್ರ ಗ್ವಾಡಿ ಒಳಗ ತಳ್ಳತೈತಿ. ಇಲ್ಲಿಗೆ ಗರಸು ಬೇಕ್ರಿ, ಹರಳು ಮಣ್ಣು. ಗರಸು ಹಾಕಿ, ನೀರು ಹೊಡದು, ಗೇಣಿಗೊಮ್ಮೆ ದಮ್ಮಸು ಬಡದ್ರ ಕಲ್ಲಾಗಿ ಕುಂದರತೈತಿ."

"ಗರಸು ಎಲ್ಲದ ಇಲ್ಲೆ ಸುತ್ತಮುತ್ತ?"

"ನಾ ಹೊರಗಿನಂವ. ನೀವ ತೋರಿಸಬೇಕು."

ಆಗ ಪಂಢರೀನಾಥರು ಕೈಯ ಬೆತ್ತ ಎತ್ತಿ ಮೂಡಣದತ್ತ ತೋರಿಸಿದರು. "ಹಳ್ಳದ ಆಚೆ ಒಂದು ದಿಬ್ಬ ಅದ ನೋಡು, ಜಾಲಿ ಬೆಳದದ. ಅಲ್ಲೆ ಬರೇ ಗರಸ ಅದ. ಯಾರ ಹೊಲಾನೂ ಅಲ್ಲ, ಬೀಳು ಜಾಗಾ. ನಾ ಕಚೇರಿಯೊಳಗ ಒಂದ ಮಾತು ಹೇಳಿರ್ತೀನಿ."

ಅವರು ಬೆತ್ತ ಎತ್ತಿದ್ದನ್ನು ಕುಮುದಿನಿ ಕಣ್ಣಾರೆ ಕಂಡಳು.

ಎಂಟು ದಿನ ಬಂಡಿಗಳು ಹಳ್ಳ ದಾಟಿ ಹೋಗಿ ಬಂದವು. ಕೆಂಪು ಹರಳು ಹರಳಾದ ಚೆಂದದ ಗರಸು. ಗಂಡಸರು ಸುರಿದು ಹರವುವರು, ಹೆಣ್ಣಾಳುಗಳು ಕೊಡದಿಂದ ನೀರು ಚಿಮುಕಿಸುವರು, ಆಮೇಲೆ ಸಕ್ರವ್ವ ಮತ್ತಿಬ್ಬರು ದಮ್ಮಸು ಎತ್ತಿ ಎತ್ತಿ ಬಡಿಯುವರು. ಆ ಸಪ್ಪಳ ಮೂರು ಓಣಿಯಾಚೆಯ ಬಾಡಿಗೆ ಮನೆಗೂ ಕೇಳಿಸುತ್ತಿತ್ತು. ಮೂರು ದಿಕ್ಕಿನ ಸಂದು ತುಂಬಿ, ನಾಲ್ಕನೆಯದು ಅರ್ಧಕ್ಕೆ ಬಂದಿತ್ತು. ಮುಂಗಾರು ಹಿಡಿಯುವ ಮಿರಗದ ಮಳೆಗೆ ಇನ್ನು ಒಂದೇ ವಾರ.

ಅಂದು ಕುಮುದಿನಿ ಮಜ್ಜಿಗೆಯೊಂದಿಗೆ ಬಂದಾಗ ದಮ್ಮಸಿನ ಸಪ್ಪಳ ನಿಂತಿತ್ತು. ಊಟಕ್ಕೆ ಬಿಟ್ಟಿದ್ದಾರೆಂದುಕೊಂಡಳು. ಆದರೆ ಯಾರೂ ಬುತ್ತಿ ಬಿಚ್ಚಿರಲಿಲ್ಲ. ಎಲ್ಲರೂ ಸಂದಿಯ ಅಂಚಿನಲ್ಲಿ ಬಗ್ಗಿ ನಿಂತಿದ್ದರು. ಕೆಳಗೆ ಸಕ್ರವ್ವ ಒಬ್ಬಳೇ ಮೊಣಕಾಲೂರಿ ಕುಳಿತಿದ್ದಳು. ಅವಳ ಎರಡೂ ಅಂಗೈಯೊಳಗೆ ಏನೋ ಇತ್ತು.

"ಕುರಿದೈತಿ ಬಿಡಬೇ, ಕುರಿದು," ಎಂದ ಮೇಲಿನಿಂದ ಒಬ್ಬ.

ಸಕ್ರವ್ವ ತಲೆ ಎತ್ತಿದಳು. ಅವಳ ಮೋರೆ ಬೂದಿಯಾಗಿತ್ತು. "ಕುರಿದಲ್ಲೋ ಎಪ್ಪಾ," ಎಂದಳು. "ಹಾಲಹಲ್ಲು ಅದಾವು."

ಅವಳ ಕೈಯಲ್ಲಿ ಇದ್ದದ್ದು ತೆಂಗಿನ ಕರಟದಷ್ಟೇ ದೊಡ್ಡದಾದ ಒಂದು ತಲೆಬುರುಡೆ. ಕೆಳದವಡೆಯಲ್ಲಿ ಅಕ್ಕಿಕಾಳಿನಂಥ ನಾಲ್ಕು ಹಲ್ಲು. ಅವಳ ಮುಂದೆ, ಅವಳೇ ಈಗಷ್ಟೇ ಬಡಿದು ಸಪಾಟು ಮಾಡಿದ ಗರಸಿನಲ್ಲಿ, ಬೆರಳುದ್ದದ ಎಲುಬು, ಹುಣಸೆಬೀಜದಂಥ ಚೂರು, ಒಂದು ಕರಿಮಣಿಯ ಸರ. ಕುಮುದಿನಿ ಬೇವಿನ ಬೊಡ್ಡೆ ಹಿಡಿದುಕೊಂಡಳು.

ದುರಗಪ್ಪ ಹಣೆ ಹಣೆ ಬಡಿದುಕೊಳ್ಳುತ್ತಿದ್ದ. "ಆ ದಿಬ್ಬದಾಗ ತಲಿಗೊಂದು ಕಲ್ಲು ಇಟ್ಟಂಗ ಇದ್ದೂರಿ ಬಾಯಾರ, ಸಾಲು ಹಿಡದು. ಹಳೇ ಹೊಲದ ಬದುವಿನ ಕಲ್ಲು ಅಂತ ಮಾಡಿ ನಾನ ಕಿತ್ತು ಬಗಲಿಗೆ ಒಗದೇನಿ. ನಾನ ಕೈಯಾರೆ ಒಗದೇನಿ."

ಆಳುಗಳು ಒಬ್ಬೊಬ್ಬರಾಗಿ ಕೆರ ಕಳಚಿದರು. ಯಾರೂ ಹೇಳಬೇಕಾಗಲಿಲ್ಲ.

ಸುದ್ದಿಗೆ ಕಾಲು ಬೇಕೆ? ಅರ್ಧ ತಾಸಿನಲ್ಲಿ ಓಣಿಯ ಹೆಂಗಸರು ಸೆರಗು ಬಾಯಿಗೊತ್ತಿಕೊಂಡು ಬಂದು ನಿಂತರು. ಹತ್ತು ವರ್ಷದ ಹಿಂದೆ ಊರಿಗೆ ದೇವಿ ಬಂದಿದ್ದಳು. ಸಿಡುಬನ್ನು ಆಗ ಯಾರೂ ಬೇರೆ ಹೆಸರಿನಿಂದ ಕರೆಯುತ್ತಿರಲಿಲ್ಲ. ಆ ಬೇನೆಯಲ್ಲಿ ಸತ್ತ ಮಕ್ಕಳನ್ನು ಸುಡುವಂತಿಲ್ಲ, ಬ್ರಾಹ್ಮಣರಾಗಲಿ ಬೇರೆಯವರಾಗಲಿ ಹುಗಿಯಬೇಕು. ನಸುಕಿನಲ್ಲಿ ಮುನಸಿಪಾಲಿಟಿಯ ಬಂಡಿ ಓಣಿ ಓಣಿಗೆ ಬರುತ್ತಿತ್ತು. ಎಲ್ಲಿಗೆ ಒಯ್ದರು ಎಂದು ಕೇಳುವ ಧೈರ್ಯ ಅನೇಕರಿಗೆ ಇರಲಿಲ್ಲ, ಕೇಳಿದವರು ಮರೆತರು. ಮರೆಯದೆ ಬದುಕುವುದಾದರೂ ಹೇಗೆ?

ಕುಮುದಿನಿಯದೂ ಒಂದು ಹೋಗಿತ್ತು. ಮೊದಲ ಕೂಸು, ಹೆಣ್ಣು, ಒಂದೂವರೆ ವರ್ಷದ್ದು. ಬಾದಾಮಿಯ ದೇವಿಗೆ ಹರಕೆ ಹೊತ್ತು ಪಡೆದದ್ದೆಂದು ಬನಶಂಕರಿ ಎಂದೇ ಹೆಸರಿಟ್ಟಿದ್ದರು. ಆಗ ಕುಮುದಿನಿಯೂ ಅದೇ ಬೇನೆಯಲ್ಲಿ ಬೇವಿನ ಎಲೆಯ ಮೇಲೆ ಎಚ್ಚರ ತಪ್ಪಿ ಬಿದ್ದಿದ್ದಳು. ಆ ಗುರುತು ಇಂದಿಗೂ ಅವಳ ಕೆನ್ನೆಯ ಮೇಲಿದೆ. ಎಚ್ಚರವಾದಾಗ ಮಗ್ಗುಲು ಬರಿದಾಗಿತ್ತು. "ಅಮೀನಗಡದ ಹಾದಿಯೊಳಗ ನಮ್ಮ ಹೊಲ ಅದಲ್ಲಾ, ಅಲ್ಲೆ ಹುಣಸಿ ಗಿಡದ ಬುಡಕ್ಕ ನಾನ ಇಟ್ಟು ಬಂದೀನಿ," ಎಂದು ಗಂಡ ಹೇಳಿದ್ದರು. ಹತ್ತು ವರ್ಷ ಆ ಹಾದಿಯಲ್ಲಿ ಬಸ್ಸು ಹೋದಾಗಲೆಲ್ಲ ಅವಳು ಆ ಗಿಡಕ್ಕೆ ಕೈಮುಗಿದಿದ್ದಳು. ನಾಗರಪಂಚಮಿಗೊಮ್ಮೆ ಒಂದು ಬಟ್ಟಲು ಹಾಲು ಕಳಿಸುತ್ತಿದ್ದಳು.

ಆದ್ದರಿಂದ ಈಗ, ಸುತ್ತ ನಿಂತ ಹೆಂಗಸರ ಮುಖ ನೋಡಿ ಅವಳಿಗೆ ಸಂಕಟವಾದರೂ, ಒಳಗೆಲ್ಲೋ ಒಂದು ಸಣ್ಣ ಸಮಾಧಾನವೂ ಇತ್ತು. ಪಾಪ, ಇವರ ಮಕ್ಕಳು. ನನ್ನದು ನಮ್ಮ ಹೊಲದಲ್ಲಿ ತಣ್ಣಗಿದೆ.

ಅಷ್ಟರಲ್ಲಿ ಮಂದಿ ಸರಿದು ದಾರಿ ಬಿಟ್ಟರು. ಕಾಸಿಂಬಿ ಬಂದಳು. ಮುನಸಿಪಾಲಿಟಿಯ ಆ ಬಂಡಿ ಹೊಡೆಯುತ್ತಿದ್ದವನ ಹೆಂಡತಿ. ಗಂಡ ತೀರಿ ಆರು ವರ್ಷವಾಗಿತ್ತು. ಅವಳು ಸಂತೆಯಲ್ಲಿ ಬಳೆ ಮಾರಿ ಬದುಕುತ್ತಿದ್ದಳು. ಓಡುತ್ತ ಬಂದಿದ್ದಳೆಂದು ಕಾಣುತ್ತದೆ, ಏದುಸಿರು ನಿಂತಿರಲಿಲ್ಲ. ಸಂದಿಯೊಳಗೆ ಇಣುಕಿ ನೋಡಿದವಳೇ "ಯಾ ಅಲ್ಲಾ" ಎಂದು ನೆಲಕ್ಕೆ ಕುಸಿದಳು.

"ಜಾಲಿ ದಿಬ್ಬದ ಗರಸು ಏನ್ರಿ ಇದು?"

ದುರಗಪ್ಪ ಹೌದೆಂದು ಗೋಣು ಹಾಕಿದ.

"ಹದಿನೇಳು ಮಕ್ಕಳು," ಎಂದಳು ಕಾಸಿಂಬಿ. "ನಮ್ಮ ಮನ್ಯಾನವರು ಒಬ್ಬರೇ ತೆಗ್ಗು ತೋಡಿ ಇಟ್ಟಿದ್ರು. ನರಿ ನಾಯಿ ಮುಟ್ಟಬಾರದಂತ ಒಂದೊಂದಕ್ಕೂ ತಲಿಗೆ ಕಲ್ಲು. ದಿನಾ ಮನಿಗೆ ಬಂದು ಇವತ್ತ ಇಂಥವರ ಮನೀದು ಅಂತ ನನಗ ಹೇಳಿ, ಊಟಾ ಮಾಡದ ಮಲಗತಿದ್ರು."

ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ಕೇಳತೊಡಗಿದರು. ನನ್ನ ಮಗ? ನಮ್ಮ ತಂಗೀದು? ಕಾಸಿಂಬಿ ಕಣ್ಣು ಮುಚ್ಚಿ ಒಂದೊಂದು ಹೆಸರೇ ಹೇಳುತ್ತ ಹೋದಳು. ಹೆಸರು ಬಿದ್ದ ಕಡೆ ಒಂದು ಅಳು ಏಳುತ್ತಿತ್ತು. ಕುಮುದಿನಿ ಪಕ್ಕದ ಮುದುಕಿಯ ಹೆಗಲು ಹಿಡಿದು ಸಂತೈಸುತ್ತಿದ್ದಳು.

ಹದಿನಾರಕ್ಕೆ ಬಂದು ಕಾಸಿಂಬಿ ಸುಮ್ಮನಾದಳು. ಕಣ್ಣು ತೆರೆದು ಕುಮುದಿನಿಯನ್ನೇ ನೋಡಿದಳು.

"ಬಾಯಾರ," ಎಂದಳು, "ನಿಮಗ ಗೊತ್ತಿಲ್ಲೇನ್ರಿ?"

"ಏನು?"

"ನಿಮ್ಮ ಕೂಸೂ ಇಲ್ಲೇ ಐತ್ರಿ."

ಕುಮುದಿನಿ ನಕ್ಕೇಬಿಟ್ಟಳು. ಅದು ನಗು ಹೌದೋ ಅಲ್ಲವೋ ಅವಳಿಗೇ ತಿಳಿಯಲಿಲ್ಲ. "ಇಲ್ಲ ಕಾಸಿಂಬಿ, ನಿನಗ ಮರತದ. ನಮ್ಮದು ಹೊಲದಾಗ ಅದ. ಇವರೇ ಒಯ್ದು ಇಟ್ಟು ಬಂದಾರ."

ಕಾಸಿಂಬಿ ತಲೆ ಕೆಳಗೆ ಹಾಕಿದಳು. ಆ ತಗ್ಗಿದ ತಲೆಯನ್ನು ಕಂಡಾಗಲೇ ಕುಮುದಿನಿ ಮುದುಕಿಯ ಹೆಗಲಿನಿಂದ ಕೈ ತೆಗೆದದ್ದು. 

ಯಾರೋ ಕೋರ್ಟಿಗೆ ಓಡಿದ್ದರು. ಪಂಢರೀನಾಥರು ಕರಿ ಕೋಟಿನಲ್ಲೇ ದಾಪುಗಾಲು ಹಾಕುತ್ತ ಬಂದರು. "ಏನು ಗದ್ದಲಾ ಇದು? ಯಾಕ ಕೆಲಸಾ ನಿಲ್ಲಿಸೀರಿ? ಹಳೇ ಎಲುವು ಎಲ್ಲೆ ತೋಡಿದರೂ ಸಿಗತಾವ. ಒಂದ ಕಡೆ ತಗದು..." ಎನ್ನುತ್ತಲೇ ಅವರ ಕಣ್ಣು ಕಾಸಿಂಬಿಯ ಮೇಲೆ ಬಿತ್ತು. ಮಾತು ಅಲ್ಲಿಗೇ ಕಡಿಯಿತು.

ಕುಮುದಿನಿ ಅವರ ಎದುರಿಗೆ ಬಂದು ನಿಂತಳು. ಊರ ಮಂದಿಯ ಮುಂದೆ ಅವಳು ಗಂಡನನ್ನು ಹೀಗೆ ನೆಟ್ಟ ನೋಟದಲ್ಲಿ ನೋಡಿದ್ದೇ ಇಲ್ಲ.

"ಈಕಿ ಹೇಳೋದು ಖರೆ ಏನ್ರಿ?"

"ಕುಮುದಾ, ಮನಿಗೆ ನಡಿ. ಮನ್ಯಾಗ ಮಾತಾಡೋಣು."

"ಖರೆ ಏನು ಅಂತ ಕೇಳಿದೆ."

ಪಂಢರೀನಾಥರದು ಮುನಸೀಫರ ಮುಂದೆ ಎಂದೂ ತೊದಲದ ನಾಲಿಗೆ. "ಹೌದು," ಎಂದರು ಕೊನೆಗೆ, ಪಕ್ಕದವರಿಗೂ ಕೇಳದಷ್ಟು ಮೆಲ್ಲಗೆ. "ನಾ ಹೋಗಲಿಲ್ಲ. ಬಂಡಿ ಬಾಗಲಿಗೆ ಬಂತು. ಕೊಟ್ಟೆ. ಹೊಲದ ತನಕ ಹೊತಗೊಂಡು ಹೋಗಲಿಕ್ಕೆ ನನ್ನ ಕೈಲೆ ಆಗಲಿಲ್ಲ. ಎಲ್ಲೆ ಇಟ್ಟರಂತ ಕೇಳಲಿಕ್ಕೂ ಆಗಲಿಲ್ಲ."

"ಹುಣಸಿ ಗಿಡಾ?"

"ನೀ ಎದ್ದ ಕೂಡಲೆ ಕೇಳಿದಿ. ಏನರೆ ಹೇಳಬೇಕಾಗಿತ್ತು."

ಕುಮುದಿನಿಗೆ ಅಳು ಬರಲಿಲ್ಲ. ಎದೆಯೊಳಗೆ ಏನೋ ಒಣಗಿ ಬಿರಿದಂತಾಯಿತು, ಅಷ್ಟೇ. ಹತ್ತು ವರ್ಷ ಬರೀ ಒಂದು ಗಿಡಕ್ಕೆ ಕೈಮುಗಿದಿದ್ದೆ. ಎಂಟು ದಿನ ಆ ದಮ್ಮಸಿನ ಸಪ್ಪಳ ಕೇಳುತ್ತ, ಮನೆ ಏಳುತ್ತಿದೆ ಎಂದು ಹಿಗ್ಗುತ್ತ ಅಡುಗೆ ಮಾಡಿದೆ. ಬಡಿದದ್ದು ಯಾರ ಮೇಲೆ? ಈ ಮೂರು ದಿಕ್ಕಿನ ಯಾವ ಗೇಣಿನಲ್ಲಿದ್ದಾಳೆ ಅವಳು?

ಸೆರಗು ಸೊಂಟಕ್ಕೆ ಸಿಗಿಸಿ ಅವಳು ಸಂದಿಯೊಳಗೆ ಇಳಿದಳು. ಸಕ್ರವ್ವನ ಪಕ್ಕದ ಬುಟ್ಟಿ ಎಳೆದುಕೊಂಡು ಎರಡೂ ಕೈಯಿಂದ ಗರಸು ಬಾಚಿ ತುಂಬತೊಡಗಿದಳು.

"ಏನು ಮಾಡ್ತಿ?" ಎಂದರು ಪಂಢರೀನಾಥರು ಗಾಬರಿಯಿಂದ.

"ತಿರುಗಿ ಒಯ್ಯಬೇಕು. ಎಲ್ಲಾ. ಒಂದ ಹಿಡಿನೂ ಇಲ್ಲೆ ಉಳೀಬಾರದು."

ದುರಗಪ್ಪ ಅಂಜುತ್ತಲೇ ಹೇಳಿದ: "ಬಾಯಾರ, ಮಿರಗ ಬಾಗಲಿಗೆ ಬಂದು ನಿಂತೈತಿ. ಸಂದು ಖಾಲಿ ಬಿಟ್ರ ನೀರು ನಿಂತು, ಎರಿ ಜಾರಿ, ಗ್ವಾಡಿ ಉಳಿಯಾಂಗಿಲ್ರಿ."

"ಬೀಳಲಿ," ಎಂದಳು ಕುಮುದಿನಿ.

 ಸಕ್ರವ್ವ ಆ ಪುಟ್ಟ ತಲೆಯನ್ನು ತನ್ನ ಸೆರಗಿನ ತುದಿಯಲ್ಲಿ ಸುತ್ತಿ ಮೇಲಿಟ್ಟು, ಇನ್ನೊಂದು ಬುಟ್ಟಿ ತೆಗೆದುಕೊಂಡಳು. ಮುದುಕಿಯೊಬ್ಬಳು ಇಳಿದಳು. ಆಮೇಲೆ ನಾಲ್ವರು. ಗುದ್ದಲಿ ಹಾಕಬೇಡಿರೆಂದು ಯಾರೋ ಅಂದರು, ಎಲುಬಿಗೆ ತಾಕೀತು. ಗಟ್ಟಿಯಾಗಿ ಕೂತಿದ್ದ ಗರಸಿಗೆ ನೀರು ಬಿಟ್ಟು ಮೆತ್ತಗೆ ಮಾಡಿ, ಕೈಯಿಂದಲೇ ಕೆದರಿದರು. ಉಗುರು ಕಿತ್ತವು.

ಅದು ನಾಲ್ಕು ದಿನದ ಕೆಲಸವಾಯಿತು. ಬಾಡಿಗೆ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಪಂಢರೀನಾಥರು ಏನು ತಿಂದರೋ ಎಲ್ಲಿ ಮಲಗಿದರೋ ಕುಮುದಿನಿ ಕೇಳಲಿಲ್ಲ. ಎರಡನೇ ದಿನದಿಂದ ಅವರು ಕೋರ್ಟಿಗೆ ಹೋಗುವುದು ಬಿಟ್ಟು, ಕೋಟು ತೆಗೆದಿಟ್ಟು, ಬಂಡಿಗೆ ಬುಟ್ಟಿ ಎತ್ತಿ ಕೊಡುವವರ ಸಾಲಿನಲ್ಲಿ ಬಂದು ನಿಂತರು. ಅವರ ಕೈಗೆ ಬುಟ್ಟಿ ಕೊಡುವಾಗ ಹೆಂಗಸರು ಮುಖ ತಿರುಗಿಸುತ್ತಿದ್ದರು.

ಮೂರನೇ ದಿನ ಕುಮುದಿನಿ ಬಂಡಿಯ ಹಿಂದೆ ನಡೆದು ಜಾಲಿ ದಿಬ್ಬಕ್ಕೆ ಹೋದಳು. ಹೆಂಗಸರು ಅಂಥ ಜಾಗಕ್ಕೆ ಹೋಗಬಾರದೆಂಬ ಮಾತನ್ನು ಆ ದಿನ ಯಾರೂ ಎತ್ತಲಿಲ್ಲ. ಅರ್ಧ ಕಡಿದ ದಿಬ್ಬ ಕಚ್ಚಿದ ರೊಟ್ಟಿಯ ಹಾಗೆ ಕಾಣುತ್ತಿತ್ತು. ಯಾವ ಎಲುಬು ಯಾರದೆಂದು ಹೇಳುವ ಹಾಗಿರಲಿಲ್ಲವೆಂದು, ಎಲ್ಲವನ್ನೂ ಒಂದೇ ದೊಡ್ಡ ತೆಗ್ಗಿನಲ್ಲಿ ಇಡುತ್ತಿದ್ದರು. ಕಾಸಿಂಬಿ ದಂಡೆಯಲ್ಲಿ ಕೂತು ಕಲ್ಲು ಆರಿಸುತ್ತಿದ್ದಳು. ಕುಮುದಿನಿ ಅವಳ ಪಕ್ಕ ಕುಳಿತಳು.

"ನಿನ್ನ ಗಂಡ ನನ್ನ ಕೂಸಿನ ಮಾತು ಏನರೆ ಹೇಳಿದ್ದನೇನು?"

ಕಾಸಿಂಬಿ ಸ್ವಲ್ಪ ಹೊತ್ತು ಕಲ್ಲು ತಿರುವಿದಳು. "ಹೇಳಿದ್ರು. ಸಾಹೇಬ್ರ ಮ್ಯಾಲೆ ನಿಮಗ ಸಿಟ್ಟು ಐತಿ, ಅದಕ್ಕ ಬಾಯಿ ಮುಚ್ಚಿದ್ದೆ. ಎಲ್ಲಾರೂ ಮಕ್ಕಳನ್ನ ಚಾಪ್ಯಾಗ ಸುತ್ತಿ, ಕೋಲಿಗೆ ಕಟ್ಟಿ, ದೂರ ನಿಂತು ಕೊಡತಿದ್ರಂತ. ಬ್ಯಾನಿ ಅಲ್ಲೇನ್ರಿ, ಯಾರ ತಪ್ಪು? ನಿಮ್ಮ ಸಾಹೇಬ್ರು ಒಬ್ಬರೇ ಕೂಸಿನ್ನ ಎದಿಗೆ ಹಿಡಕೊಂಡು ಬಾಗಲ ತನಕ ಬಂದಿದ್ರಂತ. ಕೊಡೂ ಮುಂದ ಮೈಮ್ಯಾಗಿನ ಕರಿ ಕೋಟು ತಗದು ಅದಕ್ಕ ಸುತ್ತಿದ್ರಂತ. ಬಂಡಿ ಹೊಂಟ ಮ್ಯಾಗ ಹತ್ತು ಹೆಜ್ಜಿ ಹಿಂದ ಬಂದ್ರು, ಆಮ್ಯಾಗ ಅಲ್ಲೇ ಹಾದ್ಯಾಗ ಕುಂತಬಿಟ್ರು ಅಂತ."

ಕುಮುದಿನಿಗೆ ನೆನಪಾಯಿತು. ತಾನು ಎದ್ದು ಓಡಾಡುವಂತಾದಾಗ ಗೂಟದ ಮೇಲೆ ಕೋಟು ಇರಲಿಲ್ಲ. ಕೇಳಿದ್ದಕ್ಕೆ "ಬ್ಯಾನಿ ಮನಿ ಅರಿವಿ, ಸುಟ್ಟೆ" ಅಂದಿದ್ದರು. ಅದನ್ನೂ ನಂಬಿದ್ದಳು. ಸಿಟ್ಟು ಇಳಿಯಲಿಲ್ಲ, ಆದರೆ ಅದಕ್ಕೆ ಇಷ್ಟು ಹೊತ್ತು ಸಿಕ್ಕಿದ್ದ ನೆಲೆ ಈಗ ಸಿಗದಾಯಿತು. ಅಲ್ಲಿಯೇ, ಆ ದಿಬ್ಬದ ಮೇಲೆ, ಅವಳಿಗೆ ಮೊದಲ ಸಲ ಅಳು ಬಂತು. ಕಾಸಿಂಬಿ ಕಲ್ಲು ಬಿಟ್ಟು ಅವಳ ಬೆನ್ನ ಮೇಲೆ ಕೈ ಇಟ್ಟಳು.

ದೊಡ್ಡ ತೆಗ್ಗು ಮುಚ್ಚಿದ್ದು ಶುಕ್ರವಾರ. ಶನಿವಾರ ಒಂದು ದಿನ ಬಿಸಿಲು ಕೊಟ್ಟ ಮಿರಗ, ರವಿವಾರ ನಸುಕಿನಲ್ಲಿ ಹಿಡಿದು ಸುರಿಯಿತು. ದುರಗಪ್ಪ ಹೇಳಿದ್ದು ಸುಳ್ಳಾಗಲಿಲ್ಲ. ಸುತ್ತಲಿನ ಸಂದು ಕಾಲುವೆಯಾಯಿತು, ಕಡಿದ ಎರಿ ಹಪ್ಪಳ ಹಪ್ಪಳವಾಗಿ ಜಾರಿ ಗೋಡೆಗೆ ಒರಗಿತು. ಬೆಳಿಗ್ಗೆ ಹತ್ತರ ಸುಮಾರಿಗೆ, ಗಂಡಹೆಂಡತಿ ಇಬ್ಬರೂ ಗೋಣಿತಟ್ಟು ಹೊದ್ದು ಬೇವಿನ ಕೆಳಗೆ ನಿಂತಿರುವಾಗ, ಪಡುವಣ ಗೋಡೆ ನಡುವಿನಲ್ಲಿ ಹೊಟ್ಟೆ ಬಂದಂತೆ ಉಬ್ಬಿತು. ಒಂದು ಕಲ್ಲು ಜಾರಿತು. ಮರುಗಳಿಗೆ ಇಡೀ ಗೋಡೆ ಕೆಂಪು ಕಲ್ಲುಗಳ ಸಮೇತ ದಡದಡನೆ ತಳಘರದೊಳಗೆ ಕುಸಿದು, ನೀರು ಆಳೆತ್ತರಕ್ಕೆ ಚಿಮ್ಮಿತು.

ಬೀಳಲಿ ಎಂದು ಅಂದವಳು ಅವಳೇ. ಆದರೂ ಅದು ಬಿದ್ದಾಗ ಕುಮುದಿನಿಯ ಬಾಯಿಂದ ಸಣ್ಣ ಚೀರು ಹೊರಟಿತು.

ದುರಗಪ್ಪ ತೋಯ್ದ ತಲೆ ಕೆರೆದುಕೊಳ್ಳುತ್ತ ಬಂದ. "ಮುಂದ ಏನ್ ಮಾಡೂನ್ರಿ ಸಾಹೇಬ್ರ?"

ಪಂಢರೀನಾಥರು ಹೆಂಡತಿಯ ಕಡೆ ನೋಡಿದರು.

"ಮಳಿ ಮುಗೀಲಿ," ಎಂದಳು ಕುಮುದಿನಿ. "ಕಲ್ಲು ಮ್ಯಾಲೆ ತಗೀರಿ. ಇದರ ಮಣ್ಣ ಇದಕ್ಕ ತುಂಬಿ ಬಿಡ್ರಿ. ಎರಡು ಮಳಿಗಾಲ ಕೂಡಲಿ. ಆಮೇಲೆ ನೆಲದ ಮ್ಯಾಲೆ ಏನು ಕಟ್ಟೋದದನೋ ಕಟ್ಟೋಣು."

ಹಾಗೆಯೇ ಆಯಿತು. ದಸರೆಯ ಹೊತ್ತಿಗೆ ತೆಗ್ಗು ಮುಚ್ಚಿ, ಅಲ್ಲೊಂದು ಮನೆ ಏಳಲಿದ್ದ ಗುರುತೂ ಉಳಿಯಲಿಲ್ಲ. ಕೆಂಪು ಕಲ್ಲಿನಲ್ಲಿ ಒಂದು ಬಂಡಿಯಷ್ಟನ್ನು ದುರಗಪ್ಪ ಕೂಲಿ ಕೇಳದೆ ಜಾಲಿ ದಿಬ್ಬಕ್ಕೆ ಹೊಡೆದು, ಸುತ್ತ ಗಿಡ್ಡ ಗೋಡೆ ಕಟ್ಟಿಕೊಟ್ಟು, ಹೆಂಡತಿ ಮಂದಿಯನ್ನು ಕರೆದುಕೊಂಡು ಬಾದಾಮಿಗೆ ಹೋದ.

ಬಾಡಿಗೆ ಮನೆಯಲ್ಲಿ ಮಾತು ಕಡಿಮೆಯಾಗಿತ್ತು. ಊಟ ಬಡಿಸುವಷ್ಟು, ಮಕ್ಕಳ ಸಾಲಿಯ ವಿಚಾರದಷ್ಟು. ದೀಪಾವಳಿ ಕಳೆದ ಒಂದು ಮುಂಜಾನೆ ಕುಮುದಿನಿ ಒಲೆಯ ಮುಂದೆ ಜೋಳ ಆರಿಸುತ್ತ ಕುಳಿತಿದ್ದಳು. ಕೋರ್ಟಿಗೆ ಹೊರಟಿದ್ದ ಪಂಢರೀನಾಥರು ಬಾಗಿಲಲ್ಲಿ ನಿಂತರು. ಆಮೇಲೆ ಒಳಗೆ ಬಂದು, ಮಣೆ ಹಾಕಿಕೊಳ್ಳದೆ ನೆಲದ ಮೇಲೆಯೇ ಕುಳಿತರು.

"ಅವತ್ತ ನಸುಕಿನ್ಯಾಗ," ಎಂದರು, "ಕೂಸು ಇನ್ನೂ ಬೆಚ್ಚಗ ಇತ್ತು."

ಕುಮುದಿನಿಯ ಕೈ ಮೊರದ ಮೇಲೆ ನಿಂತಿತು. ಅವರು ಮೊರದಿಂದ ಒಂದು ಕಾಳು ತೆಗೆದು ಬೆರಳಲ್ಲಿ ತಿರುವಿದರು.

"ಹೇಳ್ರಿ," ಎಂದಳು ಅವಳು.

ಆ ದಿನ ಅವರು ಕೋರ್ಟಿಗೆ ಹೋಗಲಿಲ್ಲ.